ನಿಂತು ನೋಡುವ ಕಣ್ಣು

ಭಾನುವಾರದ ಬೆಳಗು. ಬೆಂಗಳೂರಿನ ಕಬ್ಬನ್ ಉದ್ಯಾನದ ಮಗ್ಗುಲಲ್ಲಿ ಹದಿನೈದು ಇಪ್ಪತ್ತು ಮಂದಿ ನೆರೆಯುತ್ತಾರೆ. ಕಾಲೇಜಿನ ಹುಡುಗ ಹುಡುಗಿಯರು, ಕಚೇರಿಯ ನೌಕರರು, ತಲೆ ನರೆತ ಒಬ್ಬಿಬ್ಬರು ಹಿರಿಯರು. ಕೆಲವರ ಕೊರಳಲ್ಲಿ ಬೆಲೆಬಾಳುವ ಕ್ಯಾಮೆರಾ; ಉಳಿದವರ ಕೈಯಲ್ಲಿ ಮೊಬೈಲ್ ಫೋನು. ಇವರಲ್ಲಿ ಅನೇಕರಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದು. ಎರಡು ಮೂರು ಗಂಟೆಗಳ ಕಾಲ ಜೊತೆಯಾಗಿ ನಡೆದು ಊರಿನ ಕಟ್ಟಡಗಳ ಛಾಯಾಚಿತ್ರ ತೆಗೆಯಬೇಕೆಂಬ ಹಂಬಲವೊಂದೇ ಅವರನ್ನು ಕೂಡಿಸಿರುತ್ತದೆ. ಇದಕ್ಕೆ ಫೋಟೋ ನಡಿಗೆ ಎಂದು ಹೆಸರು. ದೇಶದ ದೊಡ್ಡ ನಗರಗಳಲ್ಲೆಲ್ಲ ಈ ಹವ್ಯಾಸ ಈಗ ಬೇರೂರಿದೆ.

ಗುಂಪು ಮೊದಲು ಸಾಗುವುದು ವಿಧಾನಸೌಧದ ಕಡೆಗೆ. 1956ರಲ್ಲಿ ಪೂರ್ಣಗೊಂಡ ಆ ಗ್ರಾನೈಟಿನ ಭವನ, ಅದರ ಅಗಲವಾದ ಮೆಟ್ಟಿಲುಗಳು, ದಪ್ಪನೆಯ ಕಂಬಗಳು, ಮೇಲಿನ ಗುಮ್ಮಟ ಯಾರ ಕಣ್ಣನ್ನಾದರೂ ಸೆಳೆಯತಕ್ಕವೇ. ಅದರ ಚಿತ್ರ ತೆಗೆಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅಲ್ಲಿಂದ ಕೂಗಳತೆಯ ದೂರದಲ್ಲಿ, ಅಂಬೇಡ್ಕರ್ ಬೀದಿಯಲ್ಲೇ, ವಿಶ್ವೇಶ್ವರಯ್ಯ ಕೇಂದ್ರದ ಗೋಪುರಗಳು ನಿಂತಿವೆ. 1970ರ ದಶಕದಲ್ಲಿ ಅವುಗಳನ್ನು ವಿನ್ಯಾಸ ಮಾಡಿದವರು ಜಗತ್ತಿನ ಹೆಸರಾಂತ ವಾಸ್ತುಶಿಲ್ಪಿಗಳಲ್ಲಿ ಒಬ್ಬರಾದ ಚಾರ್ಲ್ಸ್ ಕೊರಿಯಾ. ಅವುಗಳ ಕಡೆಗೆ ಕ್ಯಾಮೆರಾ ತಿರುಗಿಸುವವರು ವಿರಳ. ಯಾರಾದರೂ ತಿರುಗಿಸಿದರೆ ಪಕ್ಕದವರು ನಗುವುದೂ ಉಂಟು. “ಇದು ಬರಿಯ ಸಿಮೆಂಟಿನ ಡಬ್ಬ. ಚಿತ್ರ ತೆಗೆಯುವಂಥದ್ದು ಇದರಲ್ಲಿ ಏನಿದೆ?” ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ದೂರ ಹೋಗಬೇಕಾಗುತ್ತದೆ; ಹಂಪಿಯವರೆಗೆ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ ಹಂಪಿಯ ಅವಶೇಷಗಳ ಛಾಯಾಚಿತ್ರಗಳನ್ನು ತೆಗೆದನು. ಆಗಿನ್ನೂ ಛಾಯಾಗ್ರಹಣ ಎಳೆಯ ಕಲೆ. ದೊಡ್ಡ ಪೆಟ್ಟಿಗೆಯಂಥ ಕ್ಯಾಮೆರಾವನ್ನು ಬಿಸಿಲಿನಲ್ಲಿ ನಿಲ್ಲಿಸಿ, ಕಾಗದದ ಮೇಲೆ ಬಿಂಬ ಹಿಡಿಯಬೇಕಾಗಿತ್ತು. ಆತ ತೆಗೆದ ಚಿತ್ರಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥವೂ ಒಂದು. ಆ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವೊಂದು ಕಾಣುತ್ತದೆ! ಇಂದಿನ ಐವತ್ತು ರೂಪಾಯಿ ನೋಟಿನ ಹಿಂಬದಿಯನ್ನು ತಿರುವಿ ನೋಡಿದರೆ ಅದೇ ರಥವಿದೆ, ಗೋಪುರವಿಲ್ಲ. ನಡುವಿನ ಕಾಲದಲ್ಲಿ ಅದು ಇಲ್ಲವಾಯಿತು. ಅಂದು ಆ ಇಟ್ಟಿಗೆ ಗಾರೆಯ ಕೆಲಸ ಅಪೂರ್ವವಾದುದೆಂದು ಎಷ್ಟು ಮಂದಿಗೆ ತೋರಿದ್ದೀತು? ಕಣ್ಣೆದುರಿಗೆ ಇದ್ದುದನ್ನು ಆತ ಇದ್ದ ಹಾಗೆ ಸೆರೆಹಿಡಿದನು. ಅದರಿಂದಾಗಿ ರಥದ ಪೂರ್ಣರೂಪ ಇಂದಿನವರಿಗೆ ನೋಡಲು ಸಿಕ್ಕಿತು.

ಹಂಪಿ ಹಳೆಯದು, ಹಾಳಾಗುವುದು ಸಹಜ. ಗಟ್ಟಿ ಕಾಂಕ್ರೀಟಿನ ಹೊಸ ಕಟ್ಟಡಕ್ಕೆ ಏನು ಭಯ ಎಂದು ಯಾರಾದರೂ ಕೇಳಬಹುದು. ನಿಜಕ್ಕೂ ಭಯ ಹೆಚ್ಚಾಗಿರುವುದು ಹೊಸ ಕಟ್ಟಡಕ್ಕೇ. ದೆಹಲಿಯ ಪ್ರಗತಿ ಮೈದಾನದಲ್ಲಿ ‘ಹಾಲ್ ಆಫ್ ನೇಷನ್ಸ್’ ಎಂಬ ವಿಶಾಲವಾದ ಪ್ರದರ್ಶನ ಭವನವಿತ್ತು. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷವಾದ 1972ರಲ್ಲಿ ಅದು ಎದ್ದುನಿಂತಿತು. ವಾಸ್ತುಶಿಲ್ಪಿ ರಾಜ್ ರೇವಾಲ್. ಲೆಕ್ಕ ಹಾಕಿದ ಇಂಜಿನಿಯರು ಮಹೇಂದ್ರ ರಾಜ್. ಅಂಥ ಜಾಲರಿಯ ಛಾವಣಿಯನ್ನು ಇತರ ದೇಶಗಳಲ್ಲಿ ಉಕ್ಕಿನ ಕೊಳವೆಗಳಿಂದ ಜೋಡಿಸುತ್ತಿದ್ದರು. ಇಲ್ಲಿ ಉಕ್ಕು ದುಬಾರಿ. ದುಡಿಯುವ ಕೈಗಳಿಗೆ ಕೊರತೆಯಿರಲಿಲ್ಲ. ಆದುದರಿಂದ ಇಡೀ ಜಾಲರಿಯನ್ನು ಸ್ಥಳದಲ್ಲೇ ಕಾಂಕ್ರೀಟಿನಲ್ಲಿ ಎರೆದರು. ಒಳಗೆ ಒಂದು ಕಂಬವೂ ಇಲ್ಲದ ಆ ಭವನ ಬಡ ದೇಶವೊಂದರ ಬುದ್ಧಿಬಲಕ್ಕೆ ಸಾಕ್ಷಿಯಾಗಿತ್ತು. 2017ರ ಏಪ್ರಿಲ್ ತಿಂಗಳ ಒಂದು ರಾತ್ರಿ ಅದನ್ನು ಕೆಡವಿಹಾಕಲಾಯಿತು. ರಕ್ಷಿಸತಕ್ಕ ಪರಂಪರೆ ಎನಿಸಿಕೊಳ್ಳಲು ಅದಕ್ಕೆ ಅರವತ್ತು ವರ್ಷ ತುಂಬಿರಲಿಲ್ಲ! ಪ್ರಾಚೀನ ಸ್ಮಾರಕಗಳನ್ನು ಕುರಿತ 1958ರ ಕೇಂದ್ರ ಕಾಯಿದೆಯಂತೂ ಕನಿಷ್ಠ ನೂರು ವರ್ಷಗಳ ಆಯುಸ್ಸನ್ನು ಕೇಳುತ್ತದೆ. ಎಂದರೆ ಸ್ವತಂತ್ರ ಭಾರತ ಕಟ್ಟಿಕೊಂಡ ಯಾವ ಕಟ್ಟಡಕ್ಕೂ ಆ ಕಾಯಿದೆಯ ನೆರಳು ಇನ್ನೂ ದೊರೆಯುವಂತಿಲ್ಲ. ನೂರು ತುಂಬುವವರೆಗೆ ಅವು ತಮ್ಮ ಪಾಡಿಗೆ ತಾವು ಬದುಕಿ ಉಳಿಯಬೇಕು.

ಅದೃಷ್ಟವಶಾತ್ ದೆಹಲಿಯ ಹೊಸ ಕಟ್ಟಡಗಳು ಮೇಲೇಳುತ್ತಿದ್ದ ದಿನಗಳಲ್ಲಿ ಮದನ್ ಮಹತ್ತಾ ಎಂಬ ಛಾಯಾಗ್ರಾಹಕರು ಅವುಗಳ ಚಿತ್ರಗಳನ್ನು ಶ್ರದ್ಧೆಯಿಂದ ತೆಗೆದಿಟ್ಟಿದ್ದರು. ಕೆಡವಿದ ಭವನವನ್ನು ಇಂದು ನೋಡಬಯಸುವವರು ಇಂಥ ಚಿತ್ರಗಳ ಮುಂದೆಯೇ ನಿಲ್ಲಬೇಕು. ಬೆಂಗಳೂರಿನ ಗಾಂಧಿನಗರದ ಕಪಾಲಿ ಚಿತ್ರಮಂದಿರದ ಕಥೆಯೂ ಬೇರೆಯಲ್ಲ. 1968ರಲ್ಲಿ ತೆರೆದ ಆ ದೊಡ್ಡ ಚಿತ್ರಮಂದಿರ 2017ರಲ್ಲಿ ಬಾಗಿಲು ಮುಚ್ಚಿತು, ಆಮೇಲೆ ನೆಲಸಮವಾಯಿತು. ಟಿಕೆಟ್ಟಿಗಾಗಿ ಅದರ ಮುಂದೆ ಸಾಲು ನಿಂತವರು ಲೆಕ್ಕವಿಲ್ಲದಷ್ಟು ಜನ. ಅದರ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದವರು ಅವರಲ್ಲಿ ಎಷ್ಟು ಜನವೋ!

ಈ ದೃಷ್ಟಿಯಿಂದ ನೋಡಿದರೆ ಗುಂಪಿನ ನಡಿಗೆ ಕೇವಲ ಕಾಲಹರಣವಲ್ಲ. ಒಬ್ಬಂಟಿಗನು ಕ್ಯಾಮೆರಾ ಎತ್ತಿದರೆ ಸಾಕು, “ಇಲ್ಲಿ ಫೋಟೋ ತೆಗೆಯುವಂತಿಲ್ಲ” ಎಂದು ಕಾವಲುಗಾರನು ಓಡಿ ಬರುತ್ತಾನೆ. ವಾಸ್ತವದಲ್ಲಿ ಕಟ್ಟಡದ ಚಿತ್ರ ತೆಗೆದರೆ ಅದನ್ನು ವಿನ್ಯಾಸ ಮಾಡಿದವರ ಹಕ್ಕಿಗೆ ಭಂಗವಾಗದೆಂದು 1957ರ ಕೃತಿಸ್ವಾಮ್ಯ ಕಾಯಿದೆಯೇ ಹೇಳಿದೆ. ರಕ್ಷಣಾ ನೆಲೆಗಳಂಥ ನಿಷಿದ್ಧ ಸ್ಥಳಗಳ ಮಾತು ಬೇರೆ. ಆವರಣದ ಒಳಗೆ ಹೋಗಲು ಒಡೆಯರ ಅನುಮತಿ ಬೇಕೆಂಬುದೂ ನ್ಯಾಯವೇ. ಮೊದಲೇ ಪತ್ರ ಬರೆದು ಆ ಅನುಮತಿ ಪಡೆಯುವುದು ಒಬ್ಬನಿಗಿಂತ ಗುಂಪಿಗೆ ಸುಲಭ. ನಸುಕಿನಲ್ಲಿ ನಿರ್ಜನ ಬೀದಿಗಳಲ್ಲಿ ನಿಂತು ಬೆಳಕಿಗಾಗಿ ಕಾಯಬೇಕಾದ ಹೆಣ್ಣುಮಕ್ಕಳಿಗಂತೂ ಜೊತೆಯೇ ದೊಡ್ಡ ಧೈರ್ಯ.

ಆದರೆ ಗುಂಪಿಗೆ ಒಂದು ಚಾಳಿಯಿದೆ. ಮುಂದಿನವನು ಎಲ್ಲಿ ನಿಂತನೋ ಹಿಂದಿನವನಿಗೂ ಅದೇ ಜಾಗ ಬೇಕು. ಒಬ್ಬನು ನೆಲಕ್ಕೆ ಮಂಡಿಯೂರಿದರೆ ಹತ್ತು ಮಂಡಿಗಳು ಊರುತ್ತವೆ. ಒಂದು ಕಟ್ಟಡಕ್ಕೆ ಐದು ನಿಮಿಷ, ಆಮೇಲೆ “ನಡೆಯಿರಿ, ಹೊತ್ತಾಯಿತು” ಎಂಬ ಕೂಗು. ಮನೆಗೆ ಹೋಗಿ ನೋಡಿದರೆ ಇಪ್ಪತ್ತು ಜನರ ಚಿತ್ರಗಳೂ ಒಂದೇ ಅಚ್ಚಿನಲ್ಲಿ ಎರೆದಂತೆ ಇರುತ್ತವೆ. ಇಪ್ಪತ್ತು ಜನ ನಡೆದುದರ ಫಲ ಒಂದು ಚಿತ್ರ!

ಆಧುನಿಕ ಕಟ್ಟಡವು ಇಂಥ ಅವಸರಕ್ಕೆ ಒಲಿಯುವುದಿಲ್ಲ. ಬೇಲೂರಿನ ಗೋಡೆಯಲ್ಲಿ ಕಣ್ಣು ಎಲ್ಲಿ ಬಿದ್ದರೂ ಒಂದು ಶಿಲ್ಪವಿದೆ. ಕಾಂಕ್ರೀಟಿನ ಬೋಳು ಗೋಡೆಯಲ್ಲಿ ಅಂಥ ಅಲಂಕಾರವಿಲ್ಲ. ಅಲ್ಲಿ ಅಲಂಕಾರದ ಕೆಲಸ ಮಾಡುವುದು ಬೆಳಕು. ಬನ್ನೇರುಘಟ್ಟ ರಸ್ತೆಯಲ್ಲಿರುವ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯನ್ನು ನೋಡಬೇಕು. ಅದರ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ. ವಾಸ್ತುಶಿಲ್ಪಿಗಳಿಗೆ ಕೊಡುವ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು 2018ರಲ್ಲಿ ಪಡೆದ ಮೊದಲ ಭಾರತೀಯರು. ಫತೇಪುರ್ ಸಿಕ್ರಿಯ ಅಂಗಳಗಳನ್ನು ನೆನೆದು ಅವರು ಬೂದು ಬಣ್ಣದ ಒರಟು ಗ್ರಾನೈಟ್ ಗೋಡೆಗಳ ನಡುವೆ ಉದ್ದುದ್ದನೆಯ ಓಣಿಗಳನ್ನು ರೂಪಿಸಿದರು. ಕೆಲವು ಕಡೆ ತಲೆಯ ಮೇಲೆ ಛಾವಣಿಯಿದೆ, ಕೆಲವು ಕಡೆ ಬರಿಯ ತೊಲೆಗಳಿವೆ, ಕೆಲವು ಕಡೆ ಆಕಾಶವೇ ಇದೆ. ತೊಲೆಗಳ ನೆರಳು ಬೆಳಗಿನಲ್ಲಿ ಗೋಡೆಯ ಮೇಲೆ ಓರೆಯಾಗಿ ಬೀಳುತ್ತದೆ. ಹೊತ್ತೇರಿದಂತೆ ಇಳಿದು ನಡು ಮಧ್ಯಾಹ್ನಕ್ಕೆ ನೆಲದ ಮೇಲೆ ಪಟ್ಟೆ ಪಟ್ಟೆಯಾಗಿ ಹರಡುತ್ತದೆ. ಮೋಡ ಕವಿದರೆ ಎಲ್ಲವೂ ಅಳಿಸಿಹೋಗುತ್ತದೆ. ಯಾವ ಹೊತ್ತಿನ ಕಟ್ಟಡವನ್ನು ಐದು ನಿಮಿಷದಲ್ಲಿ ಹಿಡಿಯುವುದು?

ಎತ್ತರದ ಕಟ್ಟಡಗಳದು ಇನ್ನೊಂದು ತೊಡಕು. ಬುಡದಲ್ಲಿ ನಿಂತು ಕ್ಯಾಮೆರಾವನ್ನು ಮೇಲಕ್ಕೆ ಓಲಿಸಿದರೆ, ಕಟ್ಟಡದ ನೆಟ್ಟಗಿನ ಅಂಚುಗಳು ಮೇಲೆ ಹೋದಂತೆಲ್ಲ ಒಂದರ ಬಳಿಗೆ ಒಂದು ಸರಿದು, ಇಡೀ ಗೋಪುರ ಹಿಂದಕ್ಕೆ ಮಲಗುತ್ತಿರುವಂತೆ ಕಾಣುತ್ತದೆ. ಕ್ಯಾಮೆರಾ ಓಲದೆ ನೆಟ್ಟಗೆ ಇದ್ದರೆ ಈ ದೋಷವಿಲ್ಲ. ಅದಕ್ಕಾಗಿ ದೂರ ಸರಿಯಬೇಕು, ಅಥವಾ ಎದುರಿನ ಕಟ್ಟಡದ ಮೂರನೆಯ ನಾಲ್ಕನೆಯ ಅಂತಸ್ತು ಹತ್ತಬೇಕು. ಹಾಗೆ ಜಾಗ ಹುಡುಕುತ್ತ ಅಲೆಯುವಾಗಲೇ ಕಟ್ಟಡದ ನಿಜವಾದ ಪರಿಚಯವಾಗುವುದು.

ಇನ್ನೂ ಒಂದು ವಿಚಿತ್ರವುಂಟು. ಕಟ್ಟಡದ ಚಿತ್ರ ತೆಗೆಯುವವರು ಬಹುಮಟ್ಟಿಗೆ ಜನರು ಚೌಕಟ್ಟಿನಿಂದ ಆಚೆ ಹೋಗಲೆಂದು ಕಾಯುತ್ತಾರೆ. ಕಸ ಗುಡಿಸುವವಳು ದಾಟಲಿ, ಚಹಾ ಮಾರುವವನು ಸರಿಯಲಿ, ಆಮೇಲೆ ಚಿತ್ರ! ರೇಖೆಗಳು ಶುದ್ಧವಾಗಿ ಬರಬೇಕೆಂಬುದು ಅವರ ಹಟ. 1838ರಲ್ಲಿ ದಾಗೇರ್ ಎಂಬ ಫ್ರೆಂಚನು ಪ್ಯಾರಿಸ್ಸಿನ ಬೀದಿಯೊಂದರ ಚಿತ್ರ ತೆಗೆದನು. ಬೀದಿಯಲ್ಲಿ ಗಾಡಿಗಳೂ ಜನರೂ ಓಡಾಡುತ್ತಿದ್ದರು. ಆದರೆ ಬಿಂಬ ಮೂಡಲು ಆಗ ಹಲವು ನಿಮಿಷ ಬೇಕಾಗುತ್ತಿದ್ದುದರಿಂದ ಚಲಿಸಿದವರು ಯಾರೂ ಚಿತ್ರದಲ್ಲಿ ಉಳಿಯಲಿಲ್ಲ. ಮೂಲೆಯಲ್ಲಿ ಕಾಲು ನೀಡಿ ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತ ನಿಂತಿದ್ದ ಒಬ್ಬ ಮನುಷ್ಯ ಮಾತ್ರ ಉಳಿದನು. ಆ ಚಿತ್ರವನ್ನು ನೋಡುವವರ ಕಣ್ಣು ಸಾಲುಮನೆಗಳನ್ನೆಲ್ಲ ಬಿಟ್ಟು ಇಂದಿಗೂ ಅವನನ್ನೇ ಹುಡುಕುತ್ತದೆ. ಮನುಷ್ಯನನ್ನು ಬಿಡಿಸಲು ಇಂದಿನವರು ಪಡುವ ಪಾಡನ್ನು ನೋಡಿದರೆ ನಗೆ ಬರುತ್ತದೆ. ಆ ಗೋಪುರ ಎಷ್ಟು ಎತ್ತರ, ಆ ಮೆಟ್ಟಿಲು ಎಷ್ಟು ಅಗಲ ಎಂಬುದು ಅದರ ಬಳಿ ಒಬ್ಬ ಮನುಷ್ಯ ನಿಂತಾಗ ತಾನೆ ತಿಳಿಯುವುದು? ಕಟ್ಟಡ ಯಾರಿಗಾಗಿ ಎದ್ದಿತೆಂಬುದೂ ಅವನಿಂದಲೇ ತಿಳಿಯಬೇಕು. ಚಿತ್ರದೊಡನೆ ಊರು, ಬೀದಿ, ದಿನಾಂಕಗಳನ್ನು ಬರೆದಿಡುವ ಅಭ್ಯಾಸವೂ ಇವರಿಗೆ ಬರಬೇಕಾಗಿದೆ. ಹೆಸರು, ದಿನಾಂಕ ಇಲ್ಲದ ಚಿತ್ರ ಐವತ್ತು ವರ್ಷಗಳ ಅನಂತರ ವಿಳಾಸವಿಲ್ಲದ ಪತ್ರದಂತೆ ಅಲೆಯುತ್ತದೆ.

ಒಂಬತ್ತು ಗಂಟೆಯ ಹೊತ್ತಿಗೆ ಬಿಸಿಲು ಚುರುಕಾಗುತ್ತದೆ, ನಡಿಗೆ ಮುಗಿಯುತ್ತದೆ. ಗುಂಪು ಯಾವುದಾದರೂ ಹೋಟೆಲಿನಲ್ಲಿ ಕಾಫಿಗೆ ಕೂರುತ್ತದೆ, ಒಬ್ಬರ ಚಿತ್ರ ಇನ್ನೊಬ್ಬರ ಕೈಗೆ ಹೋಗುತ್ತದೆ. ಗುಮ್ಮಟ, ಮತ್ತೆ ಗುಮ್ಮಟ, ಮತ್ತೆ ಮೆಟ್ಟಿಲು. ನಡುವೆ ಎಲ್ಲೋ ಹಿಂದೆ ಉಳಿದಿದ್ದ ಒಬ್ಬಳು ಹುಡುಗಿಯ ಚಿತ್ರ ಬರುತ್ತದೆ. ಬಿಸಿಲು ನೆರಳು ಎರಡಾಗಿ ಸೀಳಿದ ಎತ್ತರದ ಗೋಡೆ. ಅದರ ಬುಡದಲ್ಲಿ, ನೆರಳಿನ ಅಂಚಿಗೆ ಸರಿಯಾಗಿ ಕುರ್ಚಿ ಎಳೆದುಕೊಂಡು ವೃತ್ತಪತ್ರಿಕೆ ಓದುತ್ತಿರುವ ಕಾವಲುಗಾರ. ಇದು ಎಲ್ಲಿ ಸಿಕ್ಕಿತು ಎಂದು ಎಲ್ಲರೂ ಕೇಳುತ್ತಾರೆ. ಒಂದು ಗಂಟೆಯ ಹಿಂದೆ ಎಲ್ಲರೂ ಆ ಗೋಡೆಯ ಪಕ್ಕದಲ್ಲೇ ನಡೆದು ಬಂದಿದ್ದರು.