ಸತ್ತವರ ಲೆಕ್ಕ

ಖಜಾನೆಯಿಂದ ಒಂದು ರೂಪಾಯಿ ವೆಚ್ಚವಾದರೂ ಅದಕ್ಕೆ ರಸೀತಿ ಬೇಕು, ತಪಾಸಣೆ ಬೇಕು, ಶಾಸನಸಭೆಗೆ ಉತ್ತರ ಬೇಕು. ಯುದ್ಧದಲ್ಲಿ ವೆಚ್ಚವಾಗುವ ಮನುಷ್ಯಪ್ರಾಣಕ್ಕೆ ಮಾತ್ರ ಈ ನಿಯಮವು ಏಕೆ ಅನ್ವಯಿಸಬಾರದೆಂದು ನಾವು ಕೇಳುತ್ತೇವೆ.

ಇರಾಕಿನ ಬಸ್ರಾದಲ್ಲಿ 1929ರಲ್ಲಿ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗದವರು ಒಂದು ಸ್ಮಾರಕವನ್ನು ಅನಾವರಣಗೊಳಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಆ ನಾಡಿನಲ್ಲಿ ಮಡಿದು, ಗುರುತಿನ ಸಮಾಧಿಯೂ ದೊರೆಯದ 40,000ಕ್ಕೂ ಹೆಚ್ಚು ಮಂದಿಯ ನೆನಪಿಗಾಗಿ ಅದು ಎದ್ದಿತು. ಅವರಲ್ಲಿ ಬಹುಭಾಗ ಭಾರತೀಯರು. ಬಿಳಿಯ ಸಿಪಾಯಿಗೆ ಅಲ್ಲಿ ಹೆಸರು ದೊರೆಯಿತು. ಭಾರತದ ಸಾಮಾನ್ಯ ಸಿಪಾಯಿಗಾದರೋ ತನ್ನ ಪಲ್ಟನ್ನಿನ ಕೆಳಗೆ ಬರಿಯ ಸಂಖ್ಯೆಯೊಳಗೊಂದು ಸ್ಥಾನ. ಮೃತರಲ್ಲಿ ಭೇದವೆಣಿಸದೆ ಪ್ರತಿಯೊಬ್ಬನನ್ನೂ ಹೆಸರಿನಿಂದಲೇ ಸ್ಮರಿಸಬೇಕೆಂಬುದು ಅದೇ ಆಯೋಗದ ಮೂಲಸೂತ್ರವಾಗಿತ್ತು. ಇಂತಹ ತಾರತಮ್ಯಗಳನ್ನು ಒಪ್ಪಿ ಆಯೋಗದವರು ಕ್ಷಮೆ ಬೇಡಿದುದು 2021ರಲ್ಲಿ!

ಅದೇ ಬಸ್ರಾವನ್ನು 2003ರಲ್ಲಿ ಬ್ರಿಟಿಷ್ ಸೇನೆ ಮತ್ತೆ ಹೊಕ್ಕಿತು. ಆ ಯುದ್ಧದಲ್ಲಿ ಅಳಿದ ತಮ್ಮ 179 ಮಂದಿಯನ್ನು ಲಂಡನ್ನಿನ ಸರ್ಕಾರದವರು ಒಬ್ಬೊಬ್ಬರಾಗಿ ಹೆಸರಿಸಬಲ್ಲರು. ಸತ್ತ ಇರಾಕಿ ಪ್ರಜೆಗಳೆಷ್ಟು? ವರ್ತಮಾನಪತ್ರಗಳ ಸುದ್ದಿಯನ್ನೂ ಶವಾಗಾರಗಳ ದಾಖಲೆಗಳನ್ನೂ ಕೂಡಿಸಿ, ಲಕ್ಷಕ್ಕೂ ಮೇಲೆಂದು ಎಣಿಸಿಕೊಟ್ಟವರು ‘ಇರಾಕ್ ಬಾಡಿ ಕೌಂಟ್’ ಎಂಬ ಖಾಸಗಿ ಸಂಘದವರು. ಆ ಸಂಖ್ಯೆಯನ್ನು ತಿಳಿಯಲು ಸರ್ಕಾರವು ಇನ್ನೂ ಹೆಚ್ಚು ಯತ್ನಿಸಬೇಕಾಗಿತ್ತೆಂದು ಚಿಲ್‌ಕಾಟ್ ವಿಚಾರಣಾ ಸಮಿತಿಯು 2016ರಲ್ಲಿ ತೀರ್ಪಿತ್ತಿತು. ಅಂದು ನಮ್ಮವರಿಗೆ ಹೆಸರಿಲ್ಲದಿದ್ದರೂ ಸಂಖ್ಯೆಯಿತ್ತು. ಇರಾಕಿನ ಬಡಪ್ರಜೆಗೆ ಸರ್ಕಾರದ ಪುಸ್ತಕದಲ್ಲಿ ಅದೂ ಇಲ್ಲ.

ರಣರಂಗದ ಗೊಂದಲದಲ್ಲಿ ಎಣಿಕೆ ಕಷ್ಟವೆಂಬ ಸಮಾಧಾನವನ್ನು ನಾವು ಕೇಳಿದ್ದೇವೆ. ಕಷ್ಟವೆಂಬುದು ದಿಟ. ಆದರೆ ಆಸ್ಪತ್ರೆಯ ದಾಖಲೆಯನ್ನು ಕೇಳಿ ಪಡೆಯುವುದು, ಊರಿನ ಹಿರಿಯರನ್ನು ವಿಚಾರಿಸುವುದು, ದೊರೆತ ಲೆಕ್ಕವನ್ನು ಪ್ರಕಟಿಸಿ ತಪ್ಪಿದ್ದರೆ ತಿದ್ದುವುದು ಅಸಾಧ್ಯವಲ್ಲ. ಬೇಕಾದುದು ಮನಸ್ಸು. ಸಂಖ್ಯೆ ಹೊರಬಂದರೆ ಯುದ್ಧ ಹೂಡಿದವರು ಉತ್ತರ ಕೊಡಬೇಕಾಗುತ್ತದೆ. ಅಳುಕು ಇರುವುದು ಅಲ್ಲಿ.

ಪರರ ದೋಷವನ್ನು ಎತ್ತಿ ತೋರಿಸಿ ನಾವು ಸುಮ್ಮನಾಗುವಂತಿಲ್ಲ. 2019ರಲ್ಲಿ ದೆಹಲಿಯಲ್ಲಿ ಸಿದ್ಧವಾದ ರಾಷ್ಟ್ರೀಯ ಯುದ್ಧಸ್ಮಾರಕದಲ್ಲಿ ಸ್ವತಂತ್ರ ಭಾರತದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಕೆತ್ತಲಾಗಿದೆ. ಅದು ಯುಕ್ತವಾದ ಗೌರವ. ಗಡಿಯ ಹಳ್ಳಿಗಳಲ್ಲಿ ಶತ್ರುವಿನ ಗುಂಡಿಗೆ ಬಲಿಯಾದ ರೈತನೂ ತಾಯಿಯೂ ಮಗುವೂ ಇದೇ ದೇಶಕ್ಕಾಗಿ ಪ್ರಾಣ ತೆತ್ತವರು. ಅವರ ಹೆಸರುಗಳನ್ನೂ ಒಂದೇ ಪುಸ್ತಕದಲ್ಲಿ ಬರೆಯಿಸಿ, ವರ್ಷವರ್ಷವೂ ಪಾರ್ಲಿಮೆಂಟಿನ ಮುಂದಿಡುವುದು ಸರ್ಕಾರದ ಕರ್ತವ್ಯ. ಹೆಸರಿಗೆ ಬದಲು ಬರಿಯ ಸಂಖ್ಯೆಯಾಗುವುದರ ಅವಮಾನವನ್ನು ಉಂಡ ಜನ ನಾವು. ಅದನ್ನು ನಮ್ಮವರಿಗೆ ನಾವೇ ಉಣಿಸಬಾರದು.