ಎಪ್ಪತ್ತೈದು ವರ್ಷಗಳ ಸಾಕ್ಷ್ಯ ಮತ್ತು ಕಾನೂನು ವಿದ್ಯಾರ್ಥಿಗಳು

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಘಟ್ಟದ ಬುಡದ ಹಳ್ಳಿಗಳಿಂದ ಕಾನೂನು ಓದಲೆಂದು ಶಿರಸಿ, ಧಾರವಾಡ, ಹುಬ್ಬಳ್ಳಿ, ಉಡುಪಿ, ಮಂಗಳೂರುಗಳಿಗೆ ಹೋಗುವ ಮಕ್ಕಳು ಇಂದು ವಿರಳವಲ್ಲ. ತರಗತಿಯಲ್ಲಿ ಪರಿಸರ ಕಾನೂನು ಒಂದು ಪತ್ರಿಕೆ, ಭೂಕಾನೂನು ಇನ್ನೊಂದು. ಮೊದಲನೆಯದರಲ್ಲಿ ಗೋದವರ್ಮನ್ ಪ್ರಕರಣವನ್ನೂ, ಅದರಲ್ಲಿ ಸರ್ವೋಚ್ಚ ನ್ಯಾಯಾಲಯ 1996ರ ಡಿಸೆಂಬರ್ 12ರಂದು ನೀಡಿದ ಆದೇಶವನ್ನೂ ಓದುತ್ತಾರೆ. ಎರಡನೆಯದರಲ್ಲಿ ಉಳುವವನೇ ಹೊಲದೊಡೆಯನೆಂದ 1974ರ ಭೂಸುಧಾರಣೆಯ ತಿದ್ದುಪಡಿಯನ್ನು ಓದುತ್ತಾರೆ. ರಜೆಗೆ ಊರಿಗೆ ಮರಳಿದಾಗ ಎರಡು ಪತ್ರಿಕೆಗಳೂ ಮನೆಯ ಹಿಂದಿನ ಒಂದೇ ಗುಡ್ಡದ ಮೇಲೆ ಎದುರುಬದುರಾಗಿ ನಿಂತಿರುತ್ತವೆ. ಕಾಡು ಉಳಿಯಬೇಕೆನ್ನುವವರದು ಒಂದು ಪಕ್ಷ, ಬಡವನ ಗದ್ದೆ ಉಳಿಯಬೇಕೆನ್ನುವವರದು ಇನ್ನೊಂದು ಪಕ್ಷ. ವಾದಸ್ಪರ್ಧೆಗೆ ಇದು ಒಪ್ಪುವ ವಿಷಯ. ಗುಡ್ಡಕ್ಕೆ ಮಾತ್ರ ಒಪ್ಪುವುದಿಲ್ಲ.

1974ರ ತಿದ್ದುಪಡಿಯಿಂದ ಗೇಣಿದಾರನು ಭೂಮಾಲೀಕನ ಜಮೀನಿಗೆ ಒಡೆಯನಾದನು. ಆದರೆ ಯಾವ ಕುಟುಂಬದ ಗದ್ದೆ ಅರಣ್ಯ ಇಲಾಖೆಯ ನಕ್ಷೆಯೊಳಗೆ ಬಿದ್ದಿತ್ತೋ ಆ ಕುಟುಂಬಕ್ಕೆ ಆ ಕಾಯ್ದೆಯಿಂದ ಏನೂ ದೊರೆಯಲಿಲ್ಲ. ಪಕ್ಕದ ಬೈಲಿನವನು ರೈತನಾದ. ಇವನು ಅತಿಕ್ರಮಣದಾರನಾಗಿಯೇ ಉಳಿದ. 2006ರಲ್ಲಿ ಸಂಸತ್ತು ಅಂಗೀಕರಿಸಿದ ಅರಣ್ಯ ಹಕ್ಕು ಕಾಯ್ದೆಯು ಇಂಥ ಕುಟುಂಬಗಳಿಗೆ ಹಿಂದೆ ಆದ ಅನ್ಯಾಯವನ್ನು ಸರಿಪಡಿಸುವುದಾಗಿ ತನ್ನ ಪೀಠಿಕೆಯಲ್ಲಿಯೇ ಹೇಳಿತು. ನಿಯಮಗಳು 2008ರ ಜನವರಿ 1ರಂದು ಪ್ರಕಟವಾದವು. ಅಂದಿನಿಂದ ಇಂದಿನವರೆಗೆ ಈ ಕರಾವಳಿಯ ಅರ್ಜಿದಾರನನ್ನು ಕಾಡುತ್ತಿರುವುದು ಒಂದೇ ಅಂಕಿ: ಎಪ್ಪತ್ತೈದು.

ಪರಿಶಿಷ್ಟ ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು ಅರಣ್ಯದಲ್ಲಿ ಮುಖ್ಯವಾಗಿ ವಾಸವಿದ್ದು, ಜೀವನೋಪಾಯಕ್ಕೆ ಅದನ್ನೇ ಅವಲಂಬಿಸಿರಬೇಕು. ಒಂದು ತಲೆಮಾರೆಂದರೆ ಇಪ್ಪತ್ತೈದು ವರ್ಷ. ಲೆಕ್ಕ ಹಿಂದಕ್ಕೆ ಹೋದರೆ 1930ಕ್ಕೆ, ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷಕ್ಕೆ ತಲುಪುತ್ತದೆ. ಆಗ ಈ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಕ್ಷರ ಬಾರದ ಅಜ್ಜನ ಹೆಸರಿನಲ್ಲಿ ಅಂದಿನ ಕಾಗದವನ್ನು ತರಬೇಕೆಂದರೆ ಎಲ್ಲಿಂದ ತರುವುದು?

ಕಾನೂನು ವಿದ್ಯಾರ್ಥಿಯ ಓದು ಉಪಯೋಗಕ್ಕೆ ಬರಬೇಕಾದದ್ದು ಇಲ್ಲಿ. ಕಾಯ್ದೆಯನ್ನು ಎಚ್ಚರದಿಂದ ಓದಿದರೆ ಎರಡು ಷರತ್ತುಗಳು ಬೇರೆಬೇರೆಯಾಗಿವೆ. ಎಪ್ಪತ್ತೈದು ವರ್ಷಗಳ ಮಾತು ಅರಣ್ಯದಲ್ಲಿನ ವಾಸಕ್ಕೆ ಮತ್ತು ಅವಲಂಬನೆಗೆ ಸೇರಿದುದು. ಕೇಳಿದ ತುಂಡು ಜಮೀನು 2005ರ ಆ ದಿನಾಂಕಕ್ಕೆ ಮೊದಲು ಸ್ವಾಧೀನದಲ್ಲಿದ್ದರೆ ಸಾಕು. ಇವೆರಡನ್ನೂ ಕಲಸಿ, ಅದೇ ಗುಂಟೆಯನ್ನು ಎಪ್ಪತ್ತೈದು ವರ್ಷ ಉತ್ತ ದಾಖಲೆ ತೋರಿಸೆಂದು ಕೇಳಿದರೆ ಅದು ಕಾಯ್ದೆಯಲ್ಲಿಲ್ಲದ ಷರತ್ತಾಗುತ್ತದೆ.

ಭೇದವೊಂದು ಇನ್ನೂ ಇದೆ. ಭಟ್ಕಳದ ಗೊಂಡರು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಅವರಿಗೆ ಮೂರು ತಲೆಮಾರಿನ ಷರತ್ತಿಲ್ಲ. ಕುಮಟಾ, ಹೊನ್ನಾವರಗಳ ಹಾಲಕ್ಕಿ ಒಕ್ಕಲಿಗರು ಬಹುಕಾಲದಿಂದ ಕೇಳುತ್ತಿದ್ದರೂ ಆ ಪಟ್ಟಿಗೆ ಸೇರಿಲ್ಲ. ಕಾಡಿನ ಬೀಜ ಸಸಿಗಳ ಅರಿವಿಗಾಗಿ ಪದ್ಮಶ್ರೀ ಪಡೆದ, 2024ರ ಡಿಸೆಂಬರಿನಲ್ಲಿ ತೀರಿಕೊಂಡ ಅಂಕೋಲೆಯ ತುಳಸಿ ಗೌಡ ಅವರು ಹಾಲಕ್ಕಿಯವರೇ. ಅವರ ಅರಿವನ್ನು ರಾಷ್ಟ್ರ ಮಾನ್ಯ ಮಾಡಿತು. ಅವರ ಸಮುದಾಯದ ಸಾಮಾನ್ಯ ಅರ್ಜಿದಾರನು ಮಾತ್ರ ತಾನು ಕಾಡಿನವನೆಂದು ರುಜುವಾತುಪಡಿಸಬೇಕು.

ಹಾಗಾದರೆ ಸಾಕ್ಷ್ಯವಿಲ್ಲವೇ? ಇದೆ, ಅದು ಕಾಗದದಲ್ಲಷ್ಟೇ ಇಲ್ಲ. ನಿಯಮ 13ರ ಪ್ರಕಾರ ಸರ್ಕಾರಿ ದಾಖಲೆಗಳೊಂದಿಗೆ ಮನೆ, ಸಮಮಾಡಿದ ನೆಲ, ಒಡ್ಡು, ಬಾವಿ, ಸ್ಮಶಾನ, ದೇವರ ಬನ, ವಂಶಾವಳಿ, ಅರ್ಜಿದಾರರಲ್ಲದ ಹಿರಿಯರ ಬರೆದುಕೊಂಡ ಹೇಳಿಕೆ ಇವೆಲ್ಲವೂ ಸಾಕ್ಷ್ಯಗಳೇ. ಇಂಥದೇ ಕಾಗದ ಬೇಕೆಂದು ಉಪವಿಭಾಗ ಅಥವಾ ಜಿಲ್ಲಾ ಸಮಿತಿ ಹಟ ಹಿಡಿಯಬಾರದೆಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿದೆ. ನೆಲಕ್ಕೂ ತನ್ನದೊಂದು ದಫ್ತರವಿದೆ. ದಶಕಗಟ್ಟಲೆ ನೀರು ನಿಲ್ಲಿಸಿ ಕೆಸರುಳುಮೆ ಮಾಡಿದ ಗದ್ದೆಯನ್ನು ಮೊಳದಷ್ಟು ಅಗೆದರೆ, ನೇಗಿಲು ಮುಟ್ಟುವ ಆಳದ ಕೆಳಗೆ ಗಟ್ಟಿಪದರವೊಂದು ಸಿಗುತ್ತದೆ. ಮಣ್ಣು ಬೂದುಬಣ್ಣಕ್ಕೆ ತಿರುಗಿ ನಡುವೆ ತುಕ್ಕಿನ ಚುಕ್ಕೆಗಳು ಕಾಣುತ್ತವೆ. ನಿನ್ನೆ ಮೊನ್ನೆ ಗುಡ್ಡ ಕಡಿದು ಮಾಡಿದ ಜಾಗದಲ್ಲಿ ಕೆಂಪು ಚಿರೆಮಣ್ಣು ಹಾಗೆಯೇ ಇರುತ್ತದೆ. ಅಡಿಕೆ ಮರದಿಂದ ಸೋಗೆ ಕಳಚಿದಾಗಲೆಲ್ಲ ಕಾಂಡದ ಮೇಲೊಂದು ಬಳೆ ಉಳಿಯುತ್ತದೆ. ವರ್ಷಕ್ಕೆ ಸುಮಾರು ಆರೇಳು ಸೋಗೆ ಎಂದು ಹಿಡಿದು ಎಣಿಸಿದರೆ ಮರದ ವಯಸ್ಸು ಅಂದಾಜಿಗೆ ಸಿಗುತ್ತದೆ. ಮುದಿಮರದಲ್ಲಿ ಬಳೆಗಳು ಒತ್ತೊತ್ತಾಗುವುದರಿಂದ ಇದು ಕರಾರುವಾಕ್ಕಾದ ಲೆಕ್ಕವಲ್ಲ. ಆದರೂ ಮಕ್ಕಿಗದ್ದೆಯ ಕಲ್ಲುಕಟ್ಟು, ಚಿರೆಕಲ್ಲಿನ ಬಾವಿ, ಹಿರಿಯರ ಹೇಳಿಕೆಗಳ ಜೊತೆಗೆ ಇಟ್ಟಾಗ ತೂಕ ಬರುತ್ತದೆ.

ಈ ಸಾಕ್ಷ್ಯ ಎರಡು ಅಲಗಿನ ಕತ್ತಿ. ಹಳೆಯ ಒಕ್ಕಲನ್ನು ಅದು ಕಾಪಾಡುವಂತೆಯೇ, 2005ರ ನಂತರ ಕಾನು ಕಡಿದು, ಬಡವರ ಅರ್ಜಿಗಳ ಮರೆಯಲ್ಲಿ ತನ್ನದೊಂದನ್ನು ನುಸುಳಿಸಿದವನನ್ನು ಬಯಲಿಗೆಳೆಯುತ್ತದೆ. ಪರಿಸರದ ಮಾತನಾಡುವವರು ಮೊದಲನೆಯದನ್ನೂ, ಹಕ್ಕಿನ ಮಾತನಾಡುವವರು ಎರಡನೆಯದನ್ನೂ ಒಪ್ಪಿಕೊಳ್ಳಲು ಹಿಂಜರಿಯುತ್ತಾರೆ. ಇಬ್ಬರ ಹಿಂಜರಿಕೆಯೂ ತಪ್ಪು. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿ ನಾಲ್ವರು ಸತ್ತರು. ಇಳಿಜಾರಿನ ಮೇಲಿನ ಕಾಡು ಉಳಿಯುವುದು ಕೆಳಗಿನ ಮನೆಯವರ ಜೀವದ ಪ್ರಶ್ನೆಯೂ ಹೌದು. ಕಾಯ್ದೆಯ ಐದನೆಯ ಕಲಮು ಅರಣ್ಯ, ಜಲಮೂಲಗಳ ರಕ್ಷಣೆಯ ಅಧಿಕಾರವನ್ನು ಗ್ರಾಮಸಭೆಗೂ ಹಕ್ಕುದಾರರಿಗೂ ಕೊಟ್ಟಿದೆ. ವೈಯಕ್ತಿಕ ಪಟ್ಟಾದ ಗದ್ದಲದಲ್ಲಿ ಸಾಮುದಾಯಿಕ ಅರಣ್ಯ ಹಕ್ಕಿನ ಅರ್ಜಿ ಹಿಂದೆ ಸರಿದದ್ದು ಹಳ್ಳಿಗಳಿಗೇ ಆದ ನಷ್ಟ.

2019ರ ಫೆಬ್ರವರಿ 13ರಂದು ಸರ್ವೋಚ್ಚ ನ್ಯಾಯಾಲಯವು ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸಲು ಆದೇಶಿಸಿತು. ಅದೇ ತಿಂಗಳ 28ರಂದು ತಾನೇ ತಡೆ ನೀಡಿ, ತಿರಸ್ಕಾರದಲ್ಲಿ ಅನುಸರಿಸಿದ ಕ್ರಮವನ್ನು ವಿವರಿಸಿ ಪ್ರಮಾಣಪತ್ರ ಸಲ್ಲಿಸುವಂತೆ ರಾಜ್ಯಗಳಿಗೆ ಹೇಳಿತು. ಆ ಹದಿನೈದು ದಿನ ಈ ಹಳ್ಳಿಗಳಲ್ಲಿ ನಿದ್ರೆಗೆಟ್ಟವರನ್ನು ನೆನೆದರೆ, ಪ್ರತಿಯೊಂದು ತಿರಸ್ಕಾರದ ಪತ್ರವೂ ಎಷ್ಟು ಭಾರವಾದದ್ದೆಂದು ತಿಳಿಯುತ್ತದೆ. ತಿರಸ್ಕಾರಕ್ಕೆ ಕಾರಣ ಬರೆದಿರಬೇಕು, ಅದನ್ನು ಅರ್ಜಿದಾರನಿಗೆ ಖುದ್ದಾಗಿ ತಿಳಿಸಿರಬೇಕು, ಅಹವಾಲು ಹೇಳಲು ಅವಕಾಶ ಕೊಟ್ಟಿರಬೇಕು.

ಪ್ರತಿಯೊಂದು ಕಾನೂನು ಕಾಲೇಜೂ ಕಾನೂನು ನೆರವು ಕೇಂದ್ರವನ್ನು ನಡೆಸಬೇಕೆಂದು ವಕೀಲರ ಪರಿಷತ್ತಿನ 2008ರ ನಿಯಮಗಳು ಹೇಳುತ್ತವೆ. ಆ ಕೇಂದ್ರವನ್ನು ರಜೆಯ ದಿನಗಳಲ್ಲಿ ಅರಣ್ಯ ಹಕ್ಕು ಸಮಿತಿಯ ಚಾವಡಿಗೆ ಏಕೆ ತರಬಾರದು? ವಿದ್ಯಾರ್ಥಿಗಳು ಕಪ್ಪು ಕೋಟು ಹಾಕಿ ಬರಬೇಕಾಗಿಲ್ಲ. ತೊಂಬತ್ತು ದಾಟಿದ ಅಜ್ಜಿಯ ಹೇಳಿಕೆಯನ್ನು ಅವಳ ಮಾತಿನಲ್ಲಿಯೇ ಬರೆದು ಹೆಬ್ಬೆಟ್ಟು ಪಡೆಯುವುದು ಮೊದಲ ಕೆಲಸ. ಅವಳು ಮುಂದಿನ ಮಳೆಗಾಲಕ್ಕೆ ಇರುವಳೆಂದು ಹೇಳಲಾಗದು. ತಿರಸ್ಕಾರದ ಪತ್ರ ಬಂದ ಮನೆಯಲ್ಲಿ, ಅದು ಕೈಸೇರಿದ ದಿನಾಂಕವನ್ನು ಪತ್ರದ ಬೆನ್ನಮೇಲೆ ಆ ಕ್ಷಣವೇ ಬರೆದಿಡುವುದು ಎರಡನೆಯದು. ಮೇಲಿನ ಸಮಿತಿಗೆ ಅರ್ಜಿ ಹಾಕಿಕೊಳ್ಳಲು ಇರುವುದು ಅರವತ್ತೇ ದಿನ.