ಕಪ್ಪು ವರ್ಣದ ಗುಣ



ಮಗಳನ್ನು ಶಾಲೆಗೆ ಸೇರಿಸಲು ಬರುವ ತಾಯಂದಿರಲ್ಲಿ ಕೆಲವರು, "ಟೀಚರ್, ಹುಡುಗಿ ಸ್ವಲ್ಪ ಕಪ್ಪು, ಬಿಸಿಲಲ್ಲಿ ಆಟಕ್ಕೆ ಬಿಡಬೇಡಿ" ಎಂದು ನನ್ನೊಡನೆ ತಗ್ಗಿದ ದನಿಯಲ್ಲಿ ಹೇಳುವುದುಂಟು. ಆ ಕಪ್ಪಿಗೆ ಕಾರಣವಾದ ವರ್ಣದ್ರವ್ಯಕ್ಕೆ ಮೆಲನಿನ್ ಎಂದು ಹೆಸರು. ಅದನ್ನು ತಗ್ಗಿಸಲೆಂದು ನಮ್ಮವರು ಮುಲಾಮುಗಳಿಗೆ ಹಣ ಸುರಿಯುತ್ತಿರುವಾಗ, ಅದರಿಂದಲೇ ವಿದ್ಯುತ್ಕೋಶವನ್ನು ನಿರ್ಮಿಸಿದ ವಿಜ್ಞಾನಿಗಳೂ ಇರುವರೆಂಬುದು ಬಹಳ ಮಂದಿಗೆ ತಿಳಿಯದು.

ನಮ್ಮ ಕರಾವಳಿಯವರು ಬೊಂಡಾಸವೆಂದು ಕರೆಯುವ ಜೀವಿಯ ಬಳಗಕ್ಕೆ ಸೇರಿದುದು ಕಟಲ್ ಮೀನು. ಅದನ್ನು ಶುಚಿಮಾಡುವಾಗ ಕೈಗೆ ಮೆತ್ತಿಕೊಳ್ಳುವ ಮಸಿಯು ಬಹುಮಟ್ಟಿಗೆ ಮೆಲನಿನ್ನೇ. ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಕ್ರಿಸ್ಟೊಫರ್ ಬೆಟಿಂಜರರೂ ಸಂಗಡಿಗರೂ 2013ರಲ್ಲಿ ಈ ಮಸಿಯ ಮೆಲನಿನ್ನನ್ನು ಒಂದು ತುದಿಗೂ ಮ್ಯಾಂಗನೀಸ್ ಆಕ್ಸೈಡನ್ನು ಇನ್ನೊಂದು ತುದಿಗೂ ಇಟ್ಟು, ನಡುವೆ ಸೋಡಿಯಂ ಲವಣದ ನೀರನ್ನು ಸೇರಿಸಿ ಕೋಶವೊಂದನ್ನು ರಚಿಸಿದರು. ಅದು ಸುಮಾರು 1 ವೋಲ್ಟನ್ನು ಕೊಟ್ಟಿತು. ಮೆಲನಿನ್ನಿನ ಅಣುಗಳಲ್ಲಿರುವ ಕೆಲವು ಗುಂಪುಗಳು ಸೋಡಿಯಂ ಅಯಾನುಗಳನ್ನು ಹಿಡಿದಿಟ್ಟುಕೊಂಡು, ಬೇಕಾದಾಗ ಬಿಟ್ಟುಕೊಡುವುವು. ಪ್ರಯೋಗಶಾಲೆಯಲ್ಲಿ ಕೃತಕವಾಗಿ ಮಾಡಿದ ಮೆಲನಿನ್ನಿಗಿಂತ ಮೀನಿನ ಮಸಿಯೇ ಹೆಚ್ಚು ಸಾಮರ್ಥ್ಯವನ್ನು ತೋರಿಸಿತೆಂಬುದು ಇದರಲ್ಲಿ ನನಗೆ ಬಹಳ ಮೆಚ್ಚಿಕೆಯಾದ ಸಂಗತಿ.

ಇಷ್ಟು ಪ್ರಯಾಸವೇಕೆ? ರೋಗಿಯು ನುಂಗಿದ ಸಣ್ಣ ಉಪಕರಣವು ಹೊಟ್ಟೆಯೊಳಗಿದ್ದು ಕೆಲಸ ಮಾಡಬೇಕಾದರೆ, ಅದರ ಕೋಶವು ದೇಹಕ್ಕೆ ವಿಷವಾಗಬಾರದು. ಆಟಿಕೆಯ ಗುಂಡಿಯಂಥ ಬ್ಯಾಟರಿಯು ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲುದು. (ಚಿಕ್ಕ ಮಕ್ಕಳಿರುವ ಹಳೆಯ ವಿದ್ಯಾರ್ಥಿನಿಯರು ಇದನ್ನು ಮರೆಯದಿರಲಿ.) ಮೆಲನಿನ್ನಾದರೋ ನಮ್ಮ ಚರ್ಮ, ಕೂದಲು, ಕಣ್ಣುಗಳಲ್ಲಿ ಹುಟ್ಟಿನಿಂದಲೇ ಇರುವಂಥದು.

ಆದರೂ ಇದನ್ನು ಅತಿಯಾಗಿ ಕೊಂಡಾಡುವುದು ಸರಿಯಲ್ಲ. ಮಸಿಯ ಮೆಲನಿನ್ ಒಂದು ಗ್ರಾಮಿಗೆ ಸುಮಾರು 30 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುತ್ತನ್ನು ಮಾತ್ರ ಹಿಡಿದಿತು; ಲಿಥಿಯಂ ಕೋಶಗಳಲ್ಲಿರುವ ಗ್ರಾಫೈಟಿನ ಸೈದ್ಧಾಂತಿಕ ಮಿತಿಯು 372. ಇದರಿಂದ ಮೋಟಾರು ಗಾಡಿಗಳು ಓಡಲಾರವು.

ಕಪ್ಪು ಬಣ್ಣದ ಹುಡುಗಿಗೆ ಗೌರವ ದೊರೆಯಲು ವಿದ್ಯುತ್ಕೋಶದ ಸಾಕ್ಷಿ ಬೇಕೆಂದೂ ನಾನು ಹೇಳುತ್ತಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಕಾಯುವ ಈ ದ್ರವ್ಯವನ್ನು ಕಳಂಕವೆಂದು ಮನೆಯಲ್ಲಿ ಕಲಿತು ಬರುವ ಮಗುವಿಗೆ, ಅದು ಏನೆಂಬುದನ್ನು ಶಾಲೆಯು ಸರಿಯಾಗಿ ತಿಳಿಸಬೇಕೆಂಬುದಷ್ಟೇ ನನ್ನ ಅಭಿಪ್ರಾಯ. ವಿಜ್ಞಾನದ ಪಾಠದಲ್ಲಿ ಮೆಲನಿನ್ನಿಗೆ ಒಂದೇ ಸಾಲು ಸಾಲದು.

ಇದನ್ನು ಹೇಳುವ ನಾನು ನಿರ್ದೋಷಿಯಲ್ಲ. ಅನೇಕ ವರ್ಷಗಳ ಕಾಲ ಶಾಲೆಯ ನಾಟಕಗಳಲ್ಲಿ ರಾಣಿಯ ಪಾತ್ರವನ್ನು ಬೆಳ್ಳಗಿದ್ದವರಿಗೂ ದಾಸಿಯ ಪಾತ್ರವನ್ನು ಕಪ್ಪಗಿದ್ದವರಿಗೂ ಹಂಚಿದವಳು ನಾನೇ. ಹಾಗೆ ದಾಸಿಯಾದವರಲ್ಲಿ ಕೆಲವರು ಈ ಸಂಚಿಕೆಯನ್ನು ಓದುತ್ತಿರಬಹುದು. ಅವರ ಕ್ಷಮೆಯನ್ನು ಬೇಡುತ್ತೇನೆ. ಈ ವರುಷ ಪಾತ್ರಗಳನ್ನು ಕಂಠವನ್ನು ಕೇಳಿ ಹಂಚಿರುವೆವು. ರಾಣಿಯಾಗುವ ಹುಡುಗಿಯು ತನ್ನ ಮಾತುಗಳನ್ನೆಲ್ಲ ಆಗಲೇ ಬಾಯಿಪಾಠ ಮಾಡಿರುವಳು.